ಶೆಡ್ಡಿನಿಂದ ಸೂರ್ಯನೆಡೆಗೆ

ಬೆಳಗಿನ ಪಾಳಿಗೆ ಬರುವವರು ಇಳಿಯುತ್ತಾರೆ, ರಾತ್ರಿ ಪಾಳಿ ಮುಗಿಸಿದವರು ನಿದ್ದೆಗಣ್ಣಿನಲ್ಲೇ ಹತ್ತುತ್ತಾರೆ. ಹೆಬ್ಬಗೋಡಿ ಮೆಟ್ರೊ ನಿಲ್ದಾಣದ ದಿನ ಆರಂಭವಾಗುವುದು ಹೀಗೆ. 2025ರ ಆಗಸ್ಟ್‌ನಲ್ಲಿ ಹಳದಿ ಮಾರ್ಗ ಶುರುವಾದ ಮೇಲೆ ಈ ಊರನ್ನು ಸ್ವಲ್ಪ ಎತ್ತರದಿಂದ ನೋಡುವ ಅವಕಾಶ ಎಲ್ಲರಿಗೂ ಸಿಕ್ಕಿದೆ. ಕೆಳಗೆ ಹೊಸೂರು ರಸ್ತೆಯ ಲಾರಿಗಳ ಸಾಲು. ಆಚೆಗೆ ಕಾರ್ಖಾನೆಗಳ ಸೂರುಗಳು. ಅವುಗಳ ನಡುವೆ ಬಾಡಿಗೆ ಮನೆಗಳು, ನೀರಿನ ಟ್ಯಾಂಕುಗಳು, ಒಣಹಾಕಿದ ಸಮವಸ್ತ್ರಗಳು. ಆನೇಕಲ್ ತಾಲ್ಲೂಕಿನ ಈ ಹಳ್ಳಿ ಹಳ್ಳಿಯಾಗಿದ್ದ ಕಾಲ ಎಂದೋ ಕಳೆದುಹೋಗಿದೆ. ಒಂದು ಮಗ್ಗುಲಿಗೆ ಎಲೆಕ್ಟ್ರಾನಿಕ್ ಸಿಟಿ, ಇನ್ನೊಂದು ಮಗ್ಗುಲಿಗೆ ಬೊಮ್ಮಸಂದ್ರದ ಕೈಗಾರಿಕಾ ಪ್ರದೇಶ. ನಡುವೆ ಸಿಕ್ಕಿಕೊಂಡ ಹೆಬ್ಬಗೋಡಿ ಈಗ ನಗರಸಭೆ.

ಇಲ್ಲಿನ ಮಕ್ಕಳಿಗೆ ವಿಜ್ಞಾನದ ಪಾಠದಲ್ಲಿ ಆಕಾಶಗಂಗೆ ಬರುತ್ತದೆ. ಮನೆಯ ತಾರಸಿ ಹತ್ತಿದರೆ ಮಾತ್ರ ಅದು ಕಾಣುವುದಿಲ್ಲ! ಹೆದ್ದಾರಿಯ ದೀಪ, ಕಾರ್ಖಾನೆಗಳ ದೀಪ, ಧೂಳು ಎಲ್ಲ ಸೇರಿ ರಾತ್ರಿಯ ಆಕಾಶಕ್ಕೆ ಕಿತ್ತಳೆ ಬಣ್ಣ ಬಳಿದುಬಿಟ್ಟಿವೆ. ಬಾಹ್ಯಾಕಾಶ, ಖಗೋಳ ಎಂಬುದೆಲ್ಲ ಬೇರೆ ಯಾವುದೋ ಊರಿನ, ಬೇರೆ ಯಾರದೋ ಮಕ್ಕಳ ವಿಷಯ ಎಂದು ಇಲ್ಲಿಯವರು ಅಂದುಕೊಂಡರೆ ತಪ್ಪೇನೂ ಇಲ್ಲ.

ಆದರೆ ಅದು ನಿಜವಲ್ಲ. ಅದನ್ನು ತಿಳಿಯಲು ಹೆಬ್ಬಗೋಡಿಯಿಂದ ಒಂದು ಮೆಟ್ರೊ ಟಿಕೆಟ್ ಸಾಕು.

ಹೊರಡುವ ಮೊದಲು ಕೆಳಗಿನ ರಸ್ತೆಯನ್ನೇ ಒಮ್ಮೆ ನೋಡಬೇಕು. ಭಾರತೀಯ ಖಭೌತ ಸಂಸ್ಥೆಯ ಕೇಂದ್ರ ಕಚೇರಿ ಇರುವುದು ಕೋರಮಂಗಲದಲ್ಲಿ. ಅದರ ವೀಕ್ಷಣಾಲಯ ಇರುವುದು ತಮಿಳುನಾಡಿನ ಜವಾದಿ ಬೆಟ್ಟಗಳ ನಡುವಿನ ಕಾವಲೂರಿನಲ್ಲಿ. ಕೋರಮಂಗಲದಿಂದ ಕಾವಲೂರಿಗೆ ಹೋಗುವವರಿಗೆ ಹೊಸೂರು, ಕೃಷ್ಣಗಿರಿಗಳ ಮೇಲೆ ಹಾದುಹೋಗುವ ಈ ರಸ್ತೆಯೇ ಸಹಜವಾದ ದಾರಿ. ಹಾಗಾಗಿ ನಕ್ಷತ್ರ ನೋಡುವವರ ವಾಹನಗಳು ಹೆಬ್ಬಗೋಡಿಯನ್ನು ಹಾದುಹೋಗುತ್ತ ಐವತ್ತು ವರ್ಷಗಳೇ ಆದವು ಅನ್ನಿ. ಕಾವಲೂರಿನಲ್ಲಿ 1968ರಲ್ಲಿ ಮೊದಲು ಸ್ಥಾಪಿಸಿದ್ದು 38 ಸೆಂಟಿಮೀಟರ್ ವ್ಯಾಸದ ಪುಟ್ಟ ದೂರದರ್ಶಕ. ಈ ಅಳತೆಯನ್ನು ನೆನಪಿಟ್ಟುಕೊಳ್ಳಬೇಕು, ಮುಂದೆ ಬರಲಿದೆ. 1972ರಲ್ಲಿ ಒಂದು ಮೀಟರ್ ದೂರದರ್ಶಕ ಬಂತು, 1986ರಲ್ಲಿ 2.34 ಮೀಟರಿನದು. ಈ ದೊಡ್ಡ ದೂರದರ್ಶಕಕ್ಕೂ ವೀಕ್ಷಣಾಲಯಕ್ಕೂ ಈಗ ಅದನ್ನು ಕಟ್ಟಿದ ವೇಣು ಬಾಪು ಅವರ ಹೆಸರಿದೆ.

ಆದರೆ ಎಷ್ಟೇ ದೊಡ್ಡ ಕನ್ನಡಿ ಇಟ್ಟರೂ, ಎಷ್ಟೇ ಕತ್ತಲ ಬೆಟ್ಟ ಹುಡುಕಿದರೂ ನೆಲದ ಮೇಲಿನ ದೂರದರ್ಶಕಕ್ಕೆ ಒಂದು ಮಿತಿ ಇದ್ದೇ ಇದೆ. ತಲೆಯ ಮೇಲಿನ ಗಾಳಿ ಒಂದು ಜರಡಿಯ ಹಾಗೆ. ಕಣ್ಣಿಗೆ ಕಾಣುವ ಬೆಳಕನ್ನೂ ರೇಡಿಯೊ ಅಲೆಗಳನ್ನೂ ಕೆಳಗೆ ಬಿಡುತ್ತದೆ. ನಕ್ಷತ್ರಗಳಿಂದ ಬರುವ ಕ್ಷ-ಕಿರಣಗಳನ್ನೂ ಅತಿನೇರಳೆ ಕಿರಣಗಳ ಬಹುಪಾಲನ್ನೂ ಮೇಲೆಯೇ ತಡೆದುಬಿಡುತ್ತದೆ. ತಡೆಯದಿದ್ದರೆ ಭೂಮಿಯ ಮೇಲೆ ಜೀವಿಗಳು ಬದುಕುತ್ತಿರಲಿಲ್ಲ, ಆ ಮಾತು ಬೇರೆ. ಖಗೋಳ ವಿಜ್ಞಾನಿಗೆ ಮಾತ್ರ ಇದು ಅರ್ಧ ಪುಸ್ತಕವನ್ನು ಅಂಟಿಸಿ ಕೊಟ್ಟ ಹಾಗೆ. ಉಳಿದರ್ಧ ಓದಬೇಕಾದರೆ ಉಪಕರಣವನ್ನು ಗಾಳಿಯ ಆಚೆಗೆ ಕಳಿಸಲೇಬೇಕು.

ಭಾರತ ಹಾಗೆ ಕಳಿಸಿದ ಮೊದಲ ಉಪಗ್ರಹ ತಯಾರಾದ ಜಾಗ ಪೀಣ್ಯ.

ಹೆಬ್ಬಗೋಡಿಯಿಂದ ಹಳದಿ ಮಾರ್ಗದಲ್ಲಿ ಆರ್.ವಿ. ರಸ್ತೆ, ಅಲ್ಲಿ ಹಸಿರು ಮಾರ್ಗಕ್ಕೆ ಬದಲಾವಣೆ. ಮಾರುಕಟ್ಟೆ, ಚಿಕ್ಕಪೇಟೆ, ಮೆಜೆಸ್ಟಿಕ್ ನೆಲದಡಿಯಲ್ಲಿ ಕಳೆದು, ರೈಲು ಮತ್ತೆ ಬೆಳಕಿಗೆ ಬಂದು, ಸ್ಯಾಂಡಲ್ ಸೋಪ್ ಫ್ಯಾಕ್ಟರಿ, ಯಶವಂತಪುರ, ಗೊರಗುಂಟೆಪಾಳ್ಯ ದಾಟಿದರೆ ಪೀಣ್ಯ. ಊರಿನ ಆಗ್ನೇಯದ ತುದಿಯಿಂದ ವಾಯವ್ಯದ ತುದಿಗೆ ಬಂದಂತಾಯಿತು. ಇಳಿದವರಿಗೆ ಹೆಬ್ಬಗೋಡಿಯನ್ನು ಬಿಟ್ಟು ಬಂದೆವೇ ಎಂಬ ಅನುಮಾನ ಬಂದರೆ ಅಚ್ಚರಿಯಿಲ್ಲ. ಅವೇ ಶೆಡ್ಡುಗಳು, ಅದೇ ಲೇತ್ ಯಂತ್ರದ ಕಿರ್‍ರೆನ್ನುವ ಸದ್ದು, ಕೂಲಂಟ್ ಎಣ್ಣೆಯ ಅದೇ ವಾಸನೆ, ಟೀ ಅಂಗಡಿಯ ಮುಂದೆ ಅವೇ ನೀಲಿ ಅಂಗಿಗಳು.

1972ರ ಮೇ ತಿಂಗಳಲ್ಲಿ ಸೋವಿಯತ್ ಒಕ್ಕೂಟದ ವಿಜ್ಞಾನ ಅಕಾಡೆಮಿಯೊಂದಿಗೆ ಇಸ್ರೋ ಒಪ್ಪಂದ ಮಾಡಿಕೊಂಡಿತು. ರಾಕೆಟ್ ಅವರದು, ಉಪಗ್ರಹ ನಮ್ಮದು. ಅಂದಿಗೆ ಈ ದೇಶದಲ್ಲಿ ಉಪಗ್ರಹ ಕಟ್ಟಿದವರು ಒಬ್ಬರೂ ಇರಲಿಲ್ಲ. ಯೋಜನೆಯ ನೇತೃತ್ವ ಯು.ಆರ್. ರಾವ್ ಅವರದು. ಉಡುಪಿ ಸಮೀಪದ ಅದಮಾರಿನಲ್ಲಿ 1932ರಲ್ಲಿ ಹುಟ್ಟಿ, ಬಳ್ಳಾರಿಯಲ್ಲಿ ಕಾಲೇಜು ಓದಿ, ವಿಕ್ರಮ್ ಸಾರಾಭಾಯಿ ಅವರ ಕೈಕೆಳಗೆ ವಿಶ್ವಕಿರಣಗಳ ಬಗ್ಗೆ ಸಂಶೋಧನೆ ಮಾಡಿ, ಅಮೆರಿಕಕ್ಕೆ ಹೋಗಿ ಬಂದವರು. ಅಲ್ಲಿದ್ದಾಗ ಮ್ಯಾರಿನರ್-2 ನೌಕೆ ಕಳಿಸಿದ ಮಾಹಿತಿಯಿಂದ, ಸೂರ್ಯನಿಂದ ಹೊರಬೀಳುವ ಕಣಗಳ ಪ್ರವಾಹ, ಅಂದರೆ ಸೌರಮಾರುತ, ಬಿಟ್ಟುಬಿಟ್ಟು ಅಲ್ಲ, ನಿರಂತರವಾಗಿ ಬೀಸುತ್ತಿರುತ್ತದೆ ಎಂಬುದನ್ನು ಸ್ಥಾಪಿಸಿದವರಲ್ಲಿ ಅವರೂ ಒಬ್ಬರು.

ಅವರ ತಂಡಕ್ಕೆ ಸಿಕ್ಕಿದ್ದು ಪೀಣ್ಯ ಕೈಗಾರಿಕಾ ವಸಾಹತಿನ ಕೆಲವು ಶೆಡ್ಡುಗಳು. ಮೇಲೆ ಆಸ್ಬೆಸ್ಟಾಸ್ ಶೀಟಿನ ಸೂರು. ಬಹುಪಾಲು ಹುಡುಗರು ಕಾಲೇಜಿನಿಂದ ಆಗಷ್ಟೇ ಹೊರಬಂದವರು. ಶೆಡ್ಡಿನೊಳಗೇ ಪ್ರಯೋಗಾಲಯ, ಶೆಡ್ಡಿನೊಳಗೇ ಜೋಡಣೆ. ಜಾಗ ಸಾಲದೆ ಶೌಚಾಲಯವೊಂದನ್ನೇ ಮಾಹಿತಿ ಸ್ವೀಕರಿಸುವ ಕೇಂದ್ರವಾಗಿ ಮಾರ್ಪಡಿಸಿಕೊಂಡಿದ್ದನ್ನು ರಾವ್ ಮುಂದೆ ನಗುತ್ತಲೇ ಹೇಳಿಕೊಂಡಿದ್ದುಂಟು.

ಮೂರು ವರ್ಷಗಳಲ್ಲಿ ಉಪಗ್ರಹ ಸಿದ್ಧವಾಯಿತು. 360 ಕಿಲೊ ತೂಕ, 26 ಮುಖಗಳ ದೊಡ್ಡ ಹರಳಿನಂಥ ಆಕಾರ, ಮೇಲಿನ ಮತ್ತು ಕೆಳಗಿನ ಮುಖ ಬಿಟ್ಟು ಉಳಿದೆಲ್ಲಕ್ಕೂ ಸೌರಕೋಶಗಳ ಹೊದಿಕೆ. ಅಷ್ಟೆಲ್ಲ ಸೇರಿ ಕೊಡುತ್ತಿದ್ದ ವಿದ್ಯುತ್ 46 ವಾಟ್; ಮನೆಯ ಹಳೆಯ 60 ವಾಟ್ ಬಲ್ಬನ್ನೂ ಪೂರ್ತಿ ಉರಿಸಲಾಗದಷ್ಟು! ಸೂಚಿಸಲಾದ ಹೆಸರುಗಳಲ್ಲಿ 'ಆರ್ಯಭಟ' ಎಂಬುದನ್ನು ಪ್ರಧಾನಿ ಇಂದಿರಾ ಗಾಂಧಿ ಆರಿಸಿದರು. 1975ರ ಏಪ್ರಿಲ್ 19ರಂದು ಸೋವಿಯತ್ ಒಕ್ಕೂಟದ ಕಪುಸ್ಟಿನ್ ಯಾರ್‌ನಿಂದ ಅದು ಮೇಲೇರಿತು. ಎರಡು ರೂಪಾಯಿ ನೋಟಿನ ಹಿಂಬದಿಯಲ್ಲಿ ಅದರ ಚಿತ್ರವನ್ನು ಅಪ್ಪ ಅಮ್ಮಂದಿರು ನೋಡಿಯೇ ಇರುತ್ತಾರೆ.

ನೋಟಿನ ಮೇಲೆ ಇಲ್ಲದ ಸಂಗತಿ ಒಂದಿದೆ. ಆರ್ಯಭಟ ಹೊತ್ತೊಯ್ದಿದ್ದು ಮೂರು ವೈಜ್ಞಾನಿಕ ಪ್ರಯೋಗಗಳನ್ನು. ಒಂದು ಆಕಾಶದ ಕ್ಷ-ಕಿರಣ ಮೂಲಗಳನ್ನು ನೋಡುವುದು, ಇನ್ನೊಂದು ಸೂರ್ಯನಿಂದ ಬರುವ ನ್ಯೂಟ್ರಾನು ಮತ್ತು ಗ್ಯಾಮಾ ಕಿರಣಗಳನ್ನು ಹುಡುಕುವುದು, ಮತ್ತೊಂದು ವಾಯುಮಂಡಲದ ಮೇಲ್ಪದರವಾದ ಅಯಾನುಗೋಳದ ಅಧ್ಯಯನ. ಅಂದರೆ ದೇಶದ ಮೊದಲ ಉಪಗ್ರಹ ಒಂದು ಪುಟ್ಟ ವೀಕ್ಷಣಾಲಯವೇ ಆಗಿತ್ತು. ಕ್ರಿಕೆಟ್ ತೋರಿಸಲೆಂದೋ ಹವಾಮಾನ ಹೇಳಲೆಂದೋ ಕಳಿಸಿದ್ದಲ್ಲ. ಆ ವೀಕ್ಷಣಾಲಯ ಕೆಲಸ ಮಾಡಿದ್ದು ಎಷ್ಟು ದಿನ? ಸುಮಾರು ನಾಲ್ಕು ದಿನ! ಉಪಕರಣಗಳಿಗೆ ವಿದ್ಯುತ್ ಒದಗಿಸುತ್ತಿದ್ದ ಮಾರ್ಗದಲ್ಲಿ ದೋಷ ಕಾಣಿಸಿಕೊಂಡು ಮೂರೂ ಪ್ರಯೋಗಗಳು ನಿಂತುಹೋದವು. ಮೂರು ವರ್ಷ ಶೆಡ್ಡಿನ ಕಾವಿನಲ್ಲಿ ದುಡಿದವರಿಗೆ ಆ ದಿನ ಹೇಗಿದ್ದಿರಬೇಕು?

ಆದರೂ ಉಪಗ್ರಹ ಸಾಯಲಿಲ್ಲ. ಪ್ರಯೋಗಗಳು ಹೋದರೂ ಉಳಿದ ಅಂಗಗಳು 1981ರ ಮಾರ್ಚ್‌ವರೆಗೆ ನೆಲದ ಆಜ್ಞೆಗಳಿಗೆ ಉತ್ತರ ಕೊಡುತ್ತಲೇ ಇದ್ದವು. 1992ರ ಫೆಬ್ರವರಿಯಲ್ಲಿ ಆರ್ಯಭಟ ವಾಯುಮಂಡಲಕ್ಕೆ ಮರಳಿ ಉರಿದುಹೋಯಿತು. ಪೀಣ್ಯದ ಹುಡುಗರು ಕಲಿತದ್ದು ಮಾತ್ರ ಉರಿಯಲಿಲ್ಲ. ಬಾಹ್ಯಾಕಾಶದಲ್ಲಿ ರಿಪೇರಿ ಅಂಗಡಿ ಇಲ್ಲ. ಒಂದು ತಂತಿ, ಒಂದು ಬೆಸುಗೆ, ಒಂದು ಸ್ಕ್ರೂ ಕೈಕೊಟ್ಟರೂ ಕೋಟಿಗಟ್ಟಲೆ ರೂಪಾಯಿಯ ಕೆಲಸ ನಿಲ್ಲುತ್ತದೆ. ಆದ್ದರಿಂದಲೇ ಇಲ್ಲಿ ಎಲ್ಲವನ್ನೂ ಎರಡೆರಡು ಬಾರಿ ಅಳೆಯುತ್ತಾರೆ, ಸಾಧ್ಯವಿದ್ದಲ್ಲೆಲ್ಲ ಮುಖ್ಯ ಭಾಗಕ್ಕೊಂದು ಜೊತೆಗಾರನನ್ನು ಇಟ್ಟಿರುತ್ತಾರೆ. ಮೈಕ್ರೋಮೀಟರ್ ಹಿಡಿದು ಕೆಲಸ ಮಾಡುವ ಹೆಬ್ಬಗೋಡಿಯ ಟರ್ನರ್‌ಗೆ ಈ ಮಾತನ್ನು ಬಿಡಿಸಿ ಹೇಳಬೇಕಿಲ್ಲ. ಒಂದು ಕೂದಲಿನ ಹತ್ತನೇ ಒಂದು ಭಾಗ ಹೆಚ್ಚಾದರೂ ಮಾಲು ವಾಪಸು ಬರುತ್ತದೆಂಬುದು ಅವನಿಗೆ ದಿನನಿತ್ಯದ ಅನುಭವ.

ಆರ್ಯಭಟ ತಯಾರಾದ ಆವರಣದಲ್ಲಿ 1993ರಿಂದ ಇಸ್ರೋದ ಎಲೆಕ್ಟ್ರೋ-ಆಪ್ಟಿಕ್ಸ್ ಪ್ರಯೋಗಾಲಯ ಇದೆ. ಹೆಸರು 'ಲಿಯೋಸ್'. ಉಪಗ್ರಹಗಳ 'ಕಣ್ಣು'ಗಳನ್ನು ತಯಾರಿಸುವುದು ಇದರ ಮುಖ್ಯ ಕೆಲಸ. ತಾನು ಯಾವ ಕಡೆ ಮುಖ ಮಾಡಿದ್ದೇನೆಂದು ಉಪಗ್ರಹ ನಕ್ಷತ್ರಗಳನ್ನು ನೋಡಿ ತಿಳಿಯುತ್ತದೆ. ಆ ನಕ್ಷತ್ರ ಸಂವೇದಕಗಳು ಇಲ್ಲಿ ತಯಾರಾಗುತ್ತವೆ. ಗೇಟಿನೊಳಗೆ ಎಲ್ಲರಿಗೂ ಪ್ರವೇಶವಿಲ್ಲ. ಹೊರಗಿನಿಂದ ನೋಡಿದವರಿಗೆ ಅದು ಪೀಣ್ಯದ ಮತ್ತೊಂದು ಕಾಂಪೌಂಡು ಅಷ್ಟೆ.

ಇಲ್ಲಿಂದ ಕಥೆ ಊರಿನ ಮೂರನೆಯ ಮೂಲೆಗೆ ಹೊರಳುತ್ತದೆ. ವೈಟ್‌ಫೀಲ್ಡ್ ಆಚೆಗಿನ ಹೊಸಕೋಟೆಯಲ್ಲಿ ಖಭೌತ ಸಂಸ್ಥೆಯ 'ಕ್ರೆಸ್ಟ್' ಆವರಣವಿದೆ. ಲಡಾಖ್‌ನ ಹಾನ್ಲೆಯಲ್ಲಿ 4,500 ಮೀಟರ್ ಎತ್ತರದಲ್ಲಿರುವ ಎರಡು ಮೀಟರ್ ದೂರದರ್ಶಕವನ್ನು ಉಪಗ್ರಹ ಸಂಪರ್ಕದ ಮೂಲಕ ಇಲ್ಲಿಂದಲೇ ನಡೆಸುತ್ತಾರೆ. ಅದೇ ಆವರಣದಲ್ಲಿ ಎಂ.ಜಿ.ಕೆ. ಮೆನನ್ ಹೆಸರಿನ ಬಾಹ್ಯಾಕಾಶ ಪ್ರಯೋಗಾಲಯವಿದೆ. ಸೋವಿಯತ್ ಒಪ್ಪಂದವಾದಾಗ ಇಸ್ರೋ ಅಧ್ಯಕ್ಷರಾಗಿದ್ದವರು ಇದೇ ಮೆನನ್.

2015ರ ಸೆಪ್ಟೆಂಬರ್ 28ರಂದು ಮೇಲೇರಿದ 'ಆಸ್ಟ್ರೋಸ್ಯಾಟ್' ಭಾರತದ ಮೊದಲ ಪೂರ್ಣ ಪ್ರಮಾಣದ ಖಗೋಳ ಉಪಗ್ರಹ. ಅದರ ಅತಿನೇರಳೆ ದೂರದರ್ಶಕವನ್ನು ಜೋಡಿಸಿದ್ದು ಹೊಸಕೋಟೆಯ ಈ ಪ್ರಯೋಗಾಲಯದಲ್ಲಿ. ಅದರ ಕನ್ನಡಿಗಳು ತಯಾರಾದದ್ದು ಪೀಣ್ಯದ ಲಿಯೋಸ್‌ನಲ್ಲಿ. ಕನ್ನಡಿಯ ವ್ಯಾಸ ಎಷ್ಟು? ಸುಮಾರು 38 ಸೆಂಟಿಮೀಟರ್. ಕಾವಲೂರಿನ ಮೊದಲ ದೂರದರ್ಶಕದಷ್ಟೇ! ನೆಲದ ಮೇಲೆ ಪುಟ್ಟದೆನಿಸಿದ ಕನ್ನಡಿ ಗಾಳಿಯ ಆಚೆ ಹೋದಾಗ ಎಷ್ಟು ದೊಡ್ಡ ಕೆಲಸ ಮಾಡಬಲ್ಲದೆಂಬುದಕ್ಕೆ ಈ ಉಪಕರಣವೇ ಸಾಕ್ಷಿ. ಪುಣೆಯ ಕನಕ್ ಸಹಾ ನೇತೃತ್ವದ ತಂಡ 2020ರಲ್ಲಿ ಇದರ ಚಿತ್ರಗಳಲ್ಲೇ 930 ಕೋಟಿ ಜ್ಯೋತಿರ್ವರ್ಷ ದೂರದ ಗೆಲಾಕ್ಸಿಯೊಂದರ ತೀವ್ರ ಅತಿನೇರಳೆ ಬೆಳಕನ್ನು ಗುರುತಿಸಿತು.

ಅತಿನೇರಳೆ ಕನ್ನಡಿಯ ದೊಡ್ಡ ಶತ್ರು ಕೊಳೆ. ಕಣ್ಣಿಗೆ ಕಾಣುವ ಕೊಳೆಯಲ್ಲ. ಎಣ್ಣೆಯ ಆವಿ, ಅಂಟಿನ ಆವಿ, ಮನುಷ್ಯನ ಮೈಯಿಂದ ಉದುರುವ ಕಣಗಳು ಕನ್ನಡಿಯ ಮೇಲೆ ಅತಿ ತೆಳುವಾಗಿ ಕೂತರೂ ಸಾಕು, ಬೆಳಕನ್ನು ನುಂಗಿಬಿಡುತ್ತವೆ. ಆದ್ದರಿಂದ ಜೋಡಣೆಯ ಕೋಣೆಯಲ್ಲಿ ಗಾಳಿಯನ್ನೇ ಸೋಸಿ ಬಿಡುತ್ತಾರೆ. ಒಳಗೆ ಹೋಗುವವರು ತಲೆಯಿಂದ ಕಾಲಿನವರೆಗೆ ಬಿಳಿ ಉಡುಪು ತೊಟ್ಟು, ಕಣ್ಣು ಮಾತ್ರ ಕಾಣುವಂತೆ ಇರುತ್ತಾರೆ. ಹೆಬ್ಬಗೋಡಿಯ ಔಷಧಿ ಕಾರ್ಖಾನೆಗಳಲ್ಲಿ ಕೆಲಸ ಮಾಡುವವರಿಗೆ ಈ ದೃಶ್ಯವೂ ಹೊಸತಲ್ಲ. ಮೇಲಕ್ಕೆ ಹೋದ ಮೇಲೂ ಉಪಗ್ರಹದ ಮೈಯಿಂದ ಆವಿ ಹೊರಡುತ್ತಿರುತ್ತದೆ. ಅದೆಲ್ಲ ಚದುರಿಹೋಗಲೆಂದು ಎರಡು ತಿಂಗಳು ಕಾದು, ನವೆಂಬರ್ 30ರಂದು ದೂರದರ್ಶಕದ ಬಾಗಿಲು ತೆಗೆದರು. ಐದು ವರ್ಷಕ್ಕೆಂದು ರೂಪಿಸಿದ ಆಸ್ಟ್ರೋಸ್ಯಾಟ್ 2025ಕ್ಕೆ ಹತ್ತು ವರ್ಷ ಪೂರೈಸಿತು. 2018ರಲ್ಲಿ ಅತಿನೇರಳೆ ದೂರದರ್ಶಕದ ಒಂದು ವಿಭಾಗ ಕೆಟ್ಟುಹೋದದ್ದು ನಿಜ. ಆದರೆ ಈ ಬಾರಿ ಒಂದು ನಿಂತರೆ ಎಲ್ಲವೂ ನಿಲ್ಲಲಿಲ್ಲ. ನಾಲ್ಕು ದಿನಕ್ಕೂ ಹತ್ತು ವರ್ಷಕ್ಕೂ ನಡುವೆ ಕಲಿತ ಪಾಠ ಅದೇ.

ಹೊಸಕೋಟೆಯ ಇನ್ನೊಂದು ಕೂಸು 'ಆದಿತ್ಯ ಎಲ್-1' ನೌಕೆಯ ಪ್ರಧಾನ ಉಪಕರಣವಾದ 'ವೆಲ್ಕ್'. 190 ಕಿಲೊ ತೂಕದ ಈ ಉಪಕರಣ ಸೂರ್ಯನ ಸುತ್ತಲಿನ ಪ್ರಭೆಯನ್ನು, ಅಂದರೆ ಕರೋನಾವನ್ನು ನೋಡುತ್ತದೆ. ಪೂರ್ಣ ಗ್ರಹಣದಲ್ಲಿ ಕೆಲವೇ ನಿಮಿಷ ಕಾಣುವ ಆ ಪ್ರಭೆ ಸೂರ್ಯನ ಬಿಂಬಕ್ಕಿಂತ ಸುಮಾರು ಹತ್ತು ಲಕ್ಷ ಪಟ್ಟು ಮಂದ. ಸಂಜೆ ಹೊಸೂರು ಕಡೆಯಿಂದ ಬೆಂಗಳೂರಿಗೆ ಬರುವ ಚಾಲಕರಿಗೆ ಒಂದು ಅನುಭವ ಉಂಟು. ಸೂರ್ಯ ಎದುರಿಗೆ ಇಳಿದಾಗ ಗಾಜಿನ ಮೇಲೆ ಸ್ವಲ್ಪ ಧೂಳಿದ್ದರೂ ಸಾಕು, ಗಾಜೆಲ್ಲ ಬೆಳ್ಳಗಾಗಿ ರಸ್ತೆಯೇ ಕಾಣದು. ವೆಲ್ಕ್‌ನ ಸಮಸ್ಯೆಯೂ ಇದೇ. ಅದಕ್ಕೇ ಎರಡನೆಯ ಕನ್ನಡಿಯಲ್ಲೊಂದು ರಂಧ್ರ ಕೊರೆದಿದ್ದಾರೆ. ಬಿಂಬದ ಬೆಳಕು ರಂಧ್ರದ ಮೂಲಕ ಆಚೆ ಹೋಗುತ್ತದೆ; ಸುತ್ತಲಿನ ಪ್ರಭೆಯ ಬೆಳಕಷ್ಟೇ ಪ್ರತಿಫಲಿಸಿ ಮುಂದೆ ಬರುತ್ತದೆ. ಕನ್ನಡಿಯ ನುಣುಪಿನಲ್ಲಿ ಎಳ್ಳಷ್ಟು ಕೊರತೆಯಿದ್ದರೂ ಬಿಂಬದ ಬೆಳಕು ಚೆದುರಿ ಪ್ರಭೆಯನ್ನು ಮುಳುಗಿಸಿಬಿಡುತ್ತಿತ್ತು.

ಮೊದಲಿಗೆ 'ಆದಿತ್ಯ' ಭೂಮಿಯಿಂದ 800 ಕಿಲೊಮೀಟರ್ ಎತ್ತರದಲ್ಲಿ ಸುತ್ತಬೇಕಿದ್ದ ಸಣ್ಣ ಉಪಗ್ರಹ. ಅದನ್ನು 15 ಲಕ್ಷ ಕಿಲೊಮೀಟರ್ ದೂರದ ಎಲ್-1 ಬಿಂದುವಿಗೆ ಕಳಿಸುವುದೇ ಸರಿ ಎಂದು ಸಲಹೆ ಕೊಟ್ಟವರಲ್ಲಿ ಯು.ಆರ್. ರಾವ್ ಅವರೂ ಇದ್ದರು. ಅಲ್ಲಿ ಸೂರ್ಯನಿಗೆ ಮರೆಯೇ ಇಲ್ಲ. ಜೊತೆಗೆ ರಾವ್ ತರುಣರಾಗಿದ್ದಾಗ ಅಭ್ಯಸಿಸಿದ ಸೌರಮಾರುತ ಅಲ್ಲಿ ನೇರವಾಗಿ ಮೈಗೆ ತಾಗುತ್ತದೆ. ಸೆಕೆಂಡಿಗೆ 400 ಕಿಲೊಮೀಟರ್ ವೇಗದ ಸೌರಮಾರುತ ಎಲ್-1 ದಾಟಿ ಭೂಮಿ ತಲುಪಲು ಎಷ್ಟು ಹೊತ್ತು ಬೇಕು? ಭಾಗಿಸಿ ನೋಡಿದರೆ ಒಂದು ಗಂಟೆಗೆ ಸ್ವಲ್ಪ ಹೆಚ್ಚು. ಉಪಗ್ರಹಗಳನ್ನೂ ವಿದ್ಯುತ್ ಜಾಲವನ್ನೂ ಕೆಡಿಸಬಲ್ಲ ಸೌರ ಬಿರುಗಾಳಿ ಬಂದರೆ ಸಿಗುವ ಕೊನೆಯ ಎಚ್ಚರಿಕೆ ಅಷ್ಟು ಹೊತ್ತಿನದು.

2023ರ ಸೆಪ್ಟೆಂಬರ್ 2ರಂದು ಹೊರಟ ನೌಕೆ 2024ರ ಜನವರಿ 6ರಂದು ಅಲ್ಲಿನ ಕಕ್ಷೆ ಸೇರಿತು. ಐದು ದಿನಗಳ ನಂತರ ಅದರ ಮೈಯಿಂದ ಆರು ಮೀಟರ್ ಉದ್ದದ ತೋಳೊಂದು ಚಾಚಿಕೊಂಡಿತು. ತೋಳಿನ ತುದಿಯಲ್ಲೊಂದು, ನಡುವಿನಲ್ಲೊಂದು ಕಾಂತಮಾಪಕ. ಎರಡನ್ನೂ ತಯಾರಿಸಿದ್ದು ಪೀಣ್ಯದ ಅದೇ ಲಿಯೋಸ್. ಅಷ್ಟು ಉದ್ದದ ತೋಳು ಏಕೆ? ಮನೆಯಲ್ಲಿ ಮಿಕ್ಸಿಯ ಪಕ್ಕ ದಿಕ್ಸೂಚಿ ಇಟ್ಟು ನೋಡಿದ ಮಗುವಿಗೆ ಉತ್ತರ ಗೊತ್ತು. ಬೆಂಗಳೂರಿನಲ್ಲಿ ಭೂಮಿಯ ಕಾಂತಕ್ಷೇತ್ರ ಸುಮಾರು 40,000 ನ್ಯಾನೊಟೆಸ್ಲಾ. ಎಲ್-1ರಲ್ಲಿ ಅಳೆಯಬೇಕಾದದ್ದು ಸಾಮಾನ್ಯವಾಗಿ ಐದಾರು ನ್ಯಾನೊಟೆಸ್ಲಾ ಮಾತ್ರ. ನೌಕೆಯೊಳಗಿನ ತಂತಿಗಳ ಸ್ವಂತ ಕಾಂತತೆಯೇ ಅದನ್ನು ಮರೆಮಾಡಿಬಿಡಬಹುದು. ದೂರ ಹೋದಷ್ಟೂ ಆ ಗದ್ದಲ ಕಡಿಮೆ. ಎರಡು ದೂರಗಳಲ್ಲಿ ಅಳೆದರೆ ಗದ್ದಲ ಎಷ್ಟೆಂದು ಲೆಕ್ಕ ಹಾಕಿ ಕಳೆಯಬಹುದು. ರಾವ್ ಇದನ್ನೆಲ್ಲ ನೋಡಲು ಇರಲಿಲ್ಲ. 2017ರ ಜುಲೈನಲ್ಲೇ ತೀರಿಕೊಂಡಿದ್ದರು. ಬೆಂಗಳೂರಿನ ಉಪಗ್ರಹ ಕೇಂದ್ರಕ್ಕೆ 2018ರಲ್ಲಿ ಅವರ ಹೆಸರಿಟ್ಟರು.

ಎಲ್ಲ ಸರಿ, ಇದನ್ನು ಓದಿದರೆ ಕೆಲಸ ಸಿಗುತ್ತದೆಯೇ? ಹೆಬ್ಬಗೋಡಿಯ ತಂದೆತಾಯಿಯರು ಕೇಳುವ ಮೊದಲ ಪ್ರಶ್ನೆ ಇದೇ ಇದ್ದೀತು. ಕೇಳಬೇಕಾದ ಪ್ರಶ್ನೆಯೂ ಹೌದು. ಉಪಗ್ರಹವೆಂದರೆ ಪಿಎಚ್.ಡಿ. ಮಾಡಿದವರಷ್ಟೇ ಮುಟ್ಟುವ ವಸ್ತು ಎಂಬ ಭಾವನೆ ಬಲವಾಗಿದೆ. ಆದರೆ ಇಸ್ರೋ ಕೇಂದ್ರಗಳು ಎಸ್ಸೆಸ್ಸೆಲ್ಸಿ ನಂತರ ಐ.ಟಿ.ಐ. ಮುಗಿಸಿದ ಫಿಟ್ಟರ್, ಟರ್ನರ್, ಮೆಷಿನಿಸ್ಟ್, ಎಲೆಕ್ಟ್ರಾನಿಕ್ ಮೆಕ್ಯಾನಿಕ್‌ಗಳನ್ನು ತಂತ್ರಜ್ಞರ ಹುದ್ದೆಗೆ, ಡಿಪ್ಲೊಮಾ ಆದವರನ್ನು ತಾಂತ್ರಿಕ ಸಹಾಯಕರ ಹುದ್ದೆಗೆ ತೆಗೆದುಕೊಳ್ಳುತ್ತವೆ. ಹುದ್ದೆಗಳು ಕಡಿಮೆ, ಅರ್ಜಿಗಳು ಬಹಳ ಎಂಬುದನ್ನೂ ಹೇಳಿಬಿಡಬೇಕು. ಭೌತಶಾಸ್ತ್ರ ಹಿಡಿದವರ ದಾರಿ ಇನ್ನೂ ಉದ್ದ, ಬಿ.ಎಸ್ಸಿ., ಎಂ.ಎಸ್ಸಿ. ಆಮೇಲೆ ಸಂಶೋಧನೆ ಎಂದು ಹತ್ತು ವರ್ಷ ಹಿಡಿದೀತು. ಆ ಹತ್ತು ವರ್ಷ ಮನೆಯ ಬಾಡಿಗೆ ಕಟ್ಟುವವರು ಯಾರು ಎಂಬುದಕ್ಕೆ ಪಠ್ಯಪುಸ್ತಕದಲ್ಲಿ ಉತ್ತರವಿಲ್ಲ. ಸಂಶೋಧನೆಗೆ ಸೇರಿದ ಮೇಲೆ ಶಿಷ್ಯವೇತನ ಬರುತ್ತದೆ ಎಂಬುದು ಮಾತ್ರ ಅನೇಕ ಮನೆಗಳಿಗೆ ಗೊತ್ತಿರುವುದಿಲ್ಲ.

ನೋಡಿ ಬರಲು ಇಷ್ಟಪಡುವವರಿಗೆ ಪೀಣ್ಯದ ಗೇಟು ಮುಚ್ಚಿದ್ದರೂ ಕಾವಲೂರಿನ ದಾರಿ ತೆರೆದಿದೆ. ಅಲ್ಲಿ ಸಾರ್ವಜನಿಕರಿಗೂ ಆಕಾಶ ತೋರಿಸುವ ಪದ್ಧತಿ ಇದೆ. ದಿನ, ಸಮಯಗಳನ್ನು ಸಂಸ್ಥೆಯಲ್ಲಿ ಮೊದಲೇ ವಿಚಾರಿಸಿಕೊಂಡು ಹೊರಡುವುದು ಒಳ್ಳೆಯದು. ಮಳೆಗಾಲದಲ್ಲಿ ಹೋದರೆ ಮೋಡ ನೋಡಿಕೊಂಡು ಬರಬೇಕಾದೀತು. ಹೆಬ್ಬಗೋಡಿಯಿಂದ ಹೊಸೂರು ಕಡೆಗೆ ಹೊರಟರೆ ಅತ್ತಿಬೆಲೆಯಲ್ಲಿ ಕರ್ನಾಟಕದ ಗಡಿ, ಕೃಷ್ಣಗಿರಿ ದಾಟಿದ ಮೇಲೆ ಬೆಟ್ಟದ ಸಾಲು. ದೀಪಗಳು ಒಂದೊಂದಾಗಿ ಹಿಂದೆ ಉಳಿಯುತ್ತವೆ. ಆಲಂಗಾಯಂ ದಾಟಿ ಕಾಡಿನ ದಾರಿ ಹಿಡಿಯುವ ಹೊತ್ತಿಗೆ ಕತ್ತಲಾಗಿದ್ದರೆ, ಹೆಬ್ಬಗೋಡಿಯ ತಾರಸಿಯ ಮೇಲೆ ಕಾಣದ ಆಕಾಶಗಂಗೆ ಬಸ್ಸಿನ ಕಿಟಕಿಯಿಂದಲೇ ಕಂಡೀತು.